ಹಿಟ್ಟು ಮೆತ್ತಿದ ಮುಚ್ಚಳ

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ದಿಲ್ಷಾದ್ ಬೇಗಂ ಅಡುಗೆಮನೆಯ ಕಟ್ಟೆಯ ಮೇಲಿದ್ದ ಕರೆಂಟಿನ ಮಡಕೆಯ ಬಾಯಿಗೆ ಗೋಧಿಹಿಟ್ಟು ಮೆತ್ತತೊಡಗಿದಳು. ಕೆಲಸಕ್ಕೆ ಹೊರಟಿದ್ದ ಸೊಸೆ ನುಜತ್ ಬುತ್ತಿಡಬ್ಬಿಯನ್ನು ಚೀಲಕ್ಕೆ ಹಾಕುತ್ತಿದ್ದವಳು ಹಾಗೇ ನಿಂತು ನೋಡಿದಳು.

"ಅಮ್ಮೀ, ಅದು ಗಾಜಿನ ಮುಚ್ಚಳ. ಅದಕ್ಕೂ ಹಿಟ್ಟು ಮೆತ್ತಬೇಕಾ?"

"ಗಾಜಿಂದು ಅಂತಾನೇ ಮೆತ್ತೋದು. ಒಳಗೆ ಕಂಡ್ರೆ ತೆಗೀಬೇಕು ಅನ್ನಿಸ್ತೈತೆ. ಭಾನುವಾರ ಏನಾಯ್ತು, ಮರ್ತ್ಯಾ?"

ನುಜತ್ ಮರೆತಿರಲಿಲ್ಲ. ಆ ಮಡಕೆಯನ್ನು ಅವಳ ಅಕ್ಕ ಬುಷ್ರಾ ಶಾರ್ಜಾದಿಂದ ತಂದು, ಹರಿಹರದ ತನ್ನ ಮನೆಯಲ್ಲಿ ಎರಡು ವರ್ಷ ಅಟ್ಟದ ಮೇಲಿಟ್ಟು, ಕೊನೆಗೆ ತಂಗಿಗೆ ಕೊಟ್ಟಿದ್ದಳು. ಹೊರಗೆ ತಗಡಿನ ಕವಚ, ಒಳಗೆ ಪಿಂಗಾಣಿಯ ಬಟ್ಟಲು. ಬೆಳಿಗ್ಗೆ ಸಾಮಾನು ತುಂಬಿ ಸ್ವಿಚ್ ಹಾಕಿದರೆ ಸಣ್ಣ ಶಾಖದಲ್ಲಿ ಇಡೀ ಹಗಲು ಬೇಯುತ್ತದೆ, ಯಾರೂ ಮುಂದೆ ನಿಲ್ಲಬೇಕಾಗಿಲ್ಲ ಎಂದು ಬುಷ್ರಾ ಹೇಳಿದ್ದಳು. ಹಸಿ ಮೆಕ್ಕೆಜೋಳ, ಆಲೂಗಡ್ಡೆ, ಹಾಲು ಹಾಕಿ ಮಾಡುವ ಗಟ್ಟಿ ಸೂಪಿನ ಬಗೆಯನ್ನು ಚೀಟಿಯಲ್ಲಿ ಬರೆದೂ ಕೊಟ್ಟಿದ್ದಳು. ಭಾನುವಾರ ಅದನ್ನು ಇಟ್ಟಾಗ ಗಂಡ ಅಮ್ಜದ್ ಎರಡು ಸಲ ಮುಚ್ಚಳ ತೆಗೆದು ನೋಡಿದ. ಏಳನೇ ಕ್ಲಾಸಿನ ಮಗಳು ಆಲಿಯಾ ಎಷ್ಟು ಸಲ ತೆಗೆದಳೋ ದೇವರಿಗೇ ಗೊತ್ತು. ತೆಗೆದಾಗಲೆಲ್ಲ ಒಳಗಿನ ಹಬೆ ಹೊರಗೆ ಹೋಯಿತು. ಊಟದ ಹೊತ್ತಿಗೆ ಆಲೂಗಡ್ಡೆ ಹಲ್ಲಿನಡಿ ಕರಕರ ಎಂದಿತು. ಅಂದು ಹೋಟೆಲಿನ ಪರೋಟ ತಿಂದು ಮಲಗಿದರು.

ಬರೀ ಒಂದು ಊಟದ ಮಾತಾಗಿದ್ದರೆ ದಿಲ್ಷಾದ್ ಬೇಗಂ ಇಷ್ಟು ಹಟ ಹಿಡಿಯುತ್ತಿರಲಿಲ್ಲ. ಕರೂರು ಕೈಗಾರಿಕಾ ಪ್ರದೇಶದ ಚೀಲ ಹೊಲಿಯುವ ಕಾರ್ಖಾನೆಯಲ್ಲಿ ನುಜತ್ ಎಂಟು ವರ್ಷ ಮಿಷನ್ನಿನ ಮುಂದೆ ಕೂತಿದ್ದಳು. ಈಗ ಅವಳನ್ನು ಇಪ್ಪತ್ತು ಮಿಷನ್ನುಗಳ ಮೇಲ್ವಿಚಾರಕಿ ಮಾಡುತ್ತೇವೆ ಎಂದಿದ್ದರು. ಆದರೆ ಐದು ಗಂಟೆಗೆ ಮನೆಗೆ ಬರುವ ಹಾಗಿಲ್ಲ, ಏಳರವರೆಗೆ ಇರಬೇಕು. ಶುಕ್ರವಾರ ಹೂಂ ಅಥವಾ ಊಹೂಂ ಹೇಳಬೇಕು.

ಅಮ್ಜದ್ ಹರಿಹರದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ಮನೆಗೆ ಬರುವಾಗ ಎಂಟು. ಅವನು ಬೇಡ ಎನ್ನಲಿಲ್ಲ. "ಎಲ್ಲಾ ಸರಿ. ರಾತ್ರಿ ಊಟ ಯಾರು ಮಾಡೋದು?" ಎಂದಷ್ಟೇ ಕೇಳಿದ. ತಾಯಿ ಎದುರಿಗೇ ಕೂತಿದ್ದಳು. ಅವಳನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅದಕ್ಕೆ ಕಾರಣವಿತ್ತು. ಐದು ತಿಂಗಳ ಹಿಂದೆ ದಿಲ್ಷಾದ್ ಬೇಗಂಳ ಗಂಡ ಜಾಫರ್ ತೀರಿಕೊಂಡಿದ್ದ. ನಲವತ್ತೊಂದು ವರ್ಷದ ಸಂಸಾರ. ನಲವತ್ತನೇ ದಿನದ ಫಾತಿಹಾ ಆದ ಮೇಲೆ ಒಂದು ಸಂಜೆ ಅವಳು ಹಾಲು ಕಾಯಲಿಟ್ಟು, ಮರೆತು, ತಸ್ಬೀಹಿನ ಜಪಮಣಿ ಹಿಡಿದು ಕೂತುಬಿಟ್ಟಿದ್ದಳು. ಹಾಲು ಉಕ್ಕಿ ಬೆಂಕಿ ಆರಿತ್ತು. ನುಜತ್ ಬಂದು ಬಾಗಿಲು ತೆಗೆದಾಗ ಮನೆ ತುಂಬ ಗ್ಯಾಸಿನ ವಾಸನೆ. ಅಂದಿನಿಂದ ಅಮ್ಜದ್ ತಾಯಿಗೆ ಒಲೆ ಮುಟ್ಟಬೇಡ ಎಂದಿದ್ದ. ಬೈದು ಹೇಳಿದ್ದರೆ ಅವಳೂ ಬೈಯುತ್ತಿದ್ದಳು. ಅವನು ಅತ್ತು ಹೇಳಿದ್ದ. ಅದಕ್ಕೆ ಅವಳು ಮಾತು ಕೊಟ್ಟಿದ್ದಳು.

"ಗುರುವಾರ ಒಂದಿನ ನನಗೆ ಬಿಡು," ಎಂದಿದ್ದಳು ಅವಳು ಮಗನಿಗೆ. "ಗ್ಯಾಸ್ ಮುಟ್ಟಲ್ಲ. ಎಂಟಕ್ಕೆ ದಸ್ತರ್‌ಖಾನ್ ಮೇಲೆ ಊಟ ಇರ್ತೈತೆ. ಇರದಿದ್ರೆ ನುಜತ್ ಹೋಗಿ ಬ್ಯಾಡ ಅಂತ ಹೇಳ್ಲಿ."

"ಇಲ್ಲಾಂದ್ರೆ ಹೋಟ್ಲು ಐತಲ್ಲ ಬಿಡು."

"ಹೋಟ್ಲಿಗೆ ನೀನು ಹುಟ್ಟಲಿಲ್ಲ, ನನಗೆ ಹುಟ್ಟಿದ್ದು."

ಹಾಗಾಗಿ ಈಗ ಅವಳು ಬಿಸ್ಮಿಲ್ಲಾ ಎಂದು ಹಿಟ್ಟಿನ ಹುರಿಯನ್ನು ಮುಚ್ಚಳದ ಸುತ್ತ ಕೂರಿಸಿ, ಹೆಬ್ಬೆರಳಿನಿಂದ ಒತ್ತುತ್ತಾ ಬಂದಳು. ಒಳಗೆ ತೆನೆ ಮಾರುವ ಕೆಂಚವ್ವ ನಸುಕಿಗೇ ಕೊಟ್ಟುಹೋದ ಹಸಿ ಮೆಕ್ಕೆಜೋಳದ ಕಾಳು, ರಾತ್ರಿ ನೆನೆಸಿದ ಕಡಲೆ, ಆಲೂಗಡ್ಡೆ, ಗಜ್ಜರಿ, ಈರುಳ್ಳಿ, ಜಜ್ಜಿದ ಶುಂಠಿ, ಮೆಣಸು, ಉಪ್ಪು, ನೀರು. ಕಾಳು ಬಿಡಿಸಿದ ದಿಂಡುಗಳನ್ನೂ ಮುರಿದು ಹಾಕಿದ್ದಳು. ಜೋಳದ ಸವಿಯೆಲ್ಲ ದಿಂಡಿನಲ್ಲಿರುತ್ತದೆ ಎಂಬುದು ಬುಷ್ರಾಳ ಚೀಟಿಯಲ್ಲಿ ಇರಲಿಲ್ಲ. ಗಟ್ಟಿಯಾಗಲು ಕಾರ್ನ್ ಫ್ಲೋರ್ ಎಂದು ಚೀಟಿ ಹೇಳುತ್ತಿತ್ತು. ಅವಳ ಮನಸ್ಸಿನಲ್ಲಿದ್ದದ್ದು ಬೇರೆ.

ನುಜತ್ ಕಾಯಿಸಿದ ಹಾಲನ್ನು ಮುಚ್ಚಿಟ್ಟು, ಸ್ವಿಚ್ ಹಾಕಿ, ಕೆಂಪು ದೀಪ ಹತ್ತಿದ್ದನ್ನು ನೋಡಿ ಹೊರಟಳು. ಅವತ್ತೊಂದು ದಿನ ಅವಳೂ ಏಳರವರೆಗೆ ನಿಂತು ಬರುವವಳಿದ್ದಳು.

ಮನೆ ಸುಮ್ಮನಾಯಿತು. ದಿಲ್ಷಾದ್ ಬೇಗಂ ಗುರುವಾರದ ವಾಡಿಕೆಯಂತೆ ಕುರಾನಿನ ಯಾಸೀನ್ ಅಧ್ಯಾಯ ಓದಿದಳು. ಮಳೆಗಾಲದ ತಂಪು, ಫ್ಯಾನು ಬೇಕಿರಲಿಲ್ಲ. ಕಿಟಕಿಯ ಬೆಳಕು ಸಾಕಾಗಿತ್ತು, ದೀಪವೂ ಬೇಕಿರಲಿಲ್ಲ. ಹತ್ತು ಗಂಟೆಗೆ ಕರೆಂಟು ಹೋದದ್ದು ಅವಳಿಗೆ ತಿಳಿಯಲೇ ಇಲ್ಲ.

ಹನ್ನೆರಡೂವರೆಗೆ ಕೆಂಚವ್ವ ಮರಳಿ ಬಂದಳು. ಕುಕ್ಕುವಾಡದಿಂದ ಗುರುವಾರ ಗುರುವಾರ ತೆನೆ ಹೊತ್ತು ತಂದು ಮಾರುವವಳು. ಅರ್ಧ ಸರಕನ್ನು ಇವರ ಜಗಲಿಯಲ್ಲಿಟ್ಟು ಓಣಿ ಸುತ್ತಿ, ಮಧ್ಯಾಹ್ನ ನೀರು ಕುಡಿದು, ಎರಡರ ಬಸ್ಸಿಗೆ ಊರಿಗೆ ಹೋಗುತ್ತಿದ್ದಳು. ಹದಿನೈದು ವರ್ಷದ ಪರಿಚಯ.

"ಏನ್ ಬೇಗಮ್ಮ, ಗಂಜಿ ಎಲ್ಲಿಗೆ ಬಂತು? ವಾಸ್ನೇನೇ ಇಲ್ಲ."

"ಹಿಟ್ಟು ಮೆತ್ತೀನಿ, ವಾಸನೆ ಹೆಂಗೆ ಬರ್ತೈತೆ?" ಎನ್ನುತ್ತಲೇ ದಿಲ್ಷಾದ್ ಬೇಗಂ ಎದ್ದು ಹೋಗಿ ಮಡಕೆಗೆ ಕಿವಿಯಿಟ್ಟಳು. ಮುಚ್ಚಿದ ಪಾತ್ರೆಯನ್ನು ಕಣ್ಣಿಂದಲ್ಲ, ಕಿವಿಯಿಂದ ನೋಡಬೇಕು ಎಂದು ಗಂಡನಿಂದ ಕಲಿತಿದ್ದಳು. ಬೇಯುವ ಪಾತ್ರೆ ಒಳಗೊಳಗೇ ಗೊಣಗುತ್ತದೆ. ಇದು ಗೊಣಗುತ್ತಿರಲಿಲ್ಲ. ಕವಚ ಮುಟ್ಟಿದಳು. ಬೆಚ್ಚಗಿತ್ತು, ಬಿಸಿಯಿರಲಿಲ್ಲ. ಕೆಂಪು ದೀಪ ಆರಿತ್ತು.

"ಕರೆಂಟ್ ಹೋಗಿ ಎರಡು ತಾಸು ಮ್ಯಾಲಾತು," ಎಂದಳು ಕೆಂಚವ್ವ. "ಲೈನ್ ರಿಪೇರಿ ಅಂತೆ, ಸಂಜಿ ಐದರ ತನಕ ಬರಂಗಿಲ್ಲಂತೆ. ಜ್ಯೂಸ್ ಅಂಗ್ಡಿಯಾತ ಬೈಕಂತ ಕುಂತಾನೆ. ನಿನಗೆ ಗೊತ್ತಾಗ್ಲಿಲ್ಲೇನು?"

ದಿಲ್ಷಾದ್ ಬೇಗಂ ಬೆರಳು ಮಡಿಸಿ ತಾಸು ಎಣಿಸಿದಳು. ಐದಕ್ಕೆ ಕರೆಂಟು ಬಂದರೆ ಎಂಟಕ್ಕೆ ಕಡಲೆ ಬೇಯುವುದಿಲ್ಲ.

"ಅದಕ್ಕೇನು ಅಷ್ಟು ಯೋಚ್ನಿ? ಕುಕ್ಕರಿಗೆ ಸುರುವಿ ನಾಕು ಸೀಟಿ ಹೊಡಸು. ಯಾರಿಗೆ ಗೊತ್ತಾಗ್ತೈತೆ?"

"ಮಾತು ಕೊಟ್ಟೀನಿ ಕೆಂಚವ್ವ. ಯಾರಿಗೂ ಗೊತ್ತಾಗದಿದ್ರೂ ಅವನೊಬ್ಬನಿಗೆ ಗೊತ್ತಾಗ್ತೈತಲ್ಲ," ಎಂದು ಬೆರಳನ್ನು ಮೇಲಕ್ಕೆ ತೋರಿಸಿದಳು.

ಸ್ವಲ್ಪ ಹೊತ್ತು ಹಿಟ್ಟಿನ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಒಳಕೋಣೆಗೆ ಹೋಗಿ ಮಂಚದ ಕೆಳಗಿನಿಂದ ಬಟ್ಟೆ ಸುತ್ತಿದ ತಾಮ್ರದ ಡೇಗ್ಚಿಯನ್ನು ಎಳೆದಳು. ಕಲಾಯಿ ಇನ್ನೂ ಬೆಳ್ಳಗಿತ್ತು. ಕಳೆದ ಮಳೆಗಾಲದಲ್ಲಿ ಜಾಫರ್ ತಾನೇ ನಿಂತು ಹಾಕಿಸಿದ್ದು.

ಜಾಫರ್ ಎರಡು ಓಣಿ ಆಚೆ ಮಂಡಕ್ಕಿ ಭಟ್ಟಿ ನಡೆಸುತ್ತಿದ್ದ. ನಸುಕಿಗೆ ಒಲೆ ಹೊತ್ತಿಸಿದರೆ ಮಧ್ಯಾಹ್ನದ ಹೊತ್ತಿಗೆ ಹುರಿಯುವುದು ಮುಗಿಯುತ್ತದೆ. ಆಮೇಲೂ ಒಲೆಯ ಬಾಯಲ್ಲಿ ಭತ್ತದ ಹೊಟ್ಟಿನ ಬೂದಿ ಸಂಜೆಯವರೆಗೆ ಕಾದಿರುತ್ತದೆ. ತೆನೆ ಬರುವ ಕಾಲದಲ್ಲಿ ಅವನು ಗುರುವಾರ ಗುರುವಾರ ಅವಳು ತುಂಬಿಕೊಟ್ಟ ಡೇಗ್ಚಿಯನ್ನು ಆ ಬೂದಿಯಲ್ಲಿ ಹೂತಿಟ್ಟು, ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ಸೈಕಲ್ಲಿನ ಮೇಲೆ ಮನೆಗೆ ತರುತ್ತಿದ್ದ. ಬೆಂಕಿಗೆ ಅವಸರ, ಬೂದಿಗೆ ಸಬರ್, ತಾಳ್ಮೆ ಎನ್ನುತ್ತಿದ್ದ.

ಅವನು ಹೋದ ಮೇಲೆ ಅವಳು ಆ ಓಣಿಗೆ ಕಾಲಿಟ್ಟಿರಲಿಲ್ಲ. ಗಂಡ ತೀರಿದವಳು ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲಿರುವುದು ವಿಧಿ. ಅದು ಮುಗಿದ ಮೇಲೂ ಹೊಸ್ತಿಲು ದಾಟಲು ಮನಸ್ಸು ಬಂದಿರಲಿಲ್ಲ. ಮಂಡಕ್ಕಿಯ ಮುರಮುರ ಸದ್ದು ಕೇಳಿದರೆ ಎದ್ದು ಒಳಕೋಣೆಗೆ ಹೋಗುತ್ತಿದ್ದಳು.

ಹಿಟ್ಟಿನ ಅಂಚಿಗೆ ಚಾಕು ಹಾಕಿ ಒಂದು ಕಡೆಯಿಂದ ಎಬ್ಬಿಸಿದಳು. ಆಲೂಗಡ್ಡೆ ಇನ್ನೂ ಗಟ್ಟಿ. ಎಲ್ಲವನ್ನೂ ಡೇಗ್ಚಿಗೆ ಸುರಿದು, ಉಳಿದಿದ್ದ ಹಸಿ ಹಿಟ್ಟಿನಿಂದ ಅದರ ಬಾಯಿ ಮುಚ್ಚಿದಳು. ಮಡಕೆಯ ಸ್ವಿಚ್ ಆರಿಸಿದಳು. ಪ್ಲಗ್ಗು ಕಿತ್ತು ಕೆಂಚವ್ವನ ಮುಖದ ಮುಂದೆ ಹಿಡಿದಳು.

"ನೋಡು. ಕಿತ್ತೀನಿ. ಕೇಳಿದ್ರೆ ಹೇಳ್ಬೇಕು ನೀನು."

"ನಾನೇನು ಕೋರ್ಟಿನಾಗೆ ಸಾಕ್ಷಿ ಹೇಳ್ಬೇಕಾ?"

"ನನ್ನ ಮಗನ ಮುಂದೆ ಹೇಳ್ಬೇಕು. ಕೋರ್ಟಿಗಿಂತ ಜೋರು."

ಮಧ್ಯಾಹ್ನದ ಜೊಹರ್ ನಮಾಜು ಮುಗಿಸಿ, ಬುರ್ಖಾ ಹಾಕಿಕೊಂಡು, ಬೀಗ ಕೈಗೆ ತೆಗೆದುಕೊಂಡಳು. ಕೆಂಚವ್ವ ಸೀರೆಯ ಸೆರಗನ್ನು ಸಿಂಬಿ ಸುತ್ತಿ ಡೇಗ್ಚಿಯನ್ನು ತಲೆಯ ಮೇಲಿಟ್ಟುಕೊಂಡಳು. ಹೊಸ್ತಿಲಲ್ಲಿ ದಿಲ್ಷಾದ್ ಬೇಗಂಳ ಕಾಲು ಒಂದು ಗಳಿಗೆ ತಡೆಯಿತು. "ನಡಿಯವ್ವ, ನನ್ನ ತಲಿ ಏನು ಜಗಲಿಕಟ್ಟಿ ಅನ್ಕಂಡ್ಯಾ?" ಎಂದಳು ಕೆಂಚವ್ವ. ಕಾಲು ಎದ್ದಿತು. ಬೀಗ ಹಾಕಿ, ಶಾಲೆಯಿಂದ ಬರುವ ಆಲಿಯಾಳಿಗೆಂದು ಕೀಲಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟಳು.

ಭಟ್ಟಿಯಲ್ಲಿ ಹುರಿಯುವುದು ಮುಗಿದಿತ್ತು. ಜಾಫರನ ಪಾಲುದಾರ ಹಯಾತ್ ಸಾಬ್ ಕೈಯಲ್ಲಿ ನೀರಿನ ಬಕೆಟ್ಟು ಹಿಡಿದು ಒಲೆಯ ಬಾಯಿಯ ಮುಂದೆ ನಿಂತಿದ್ದ. ಬೂದಿ ಒಯ್ಯುವ ಗಾಡಿ ಬರುವ ಮೊದಲು ಅದನ್ನು ನೀರು ಹಾಕಿ ಆರಿಸುವುದು ವಾಡಿಕೆ.

"ಹಯಾತ್ ಭಾಯ್, ನೀರು ಹಾಕಬ್ಯಾಡ್ರಿ."

ಐದು ತಿಂಗಳ ನಂತರ ಆ ಭಟ್ಟಿಯಲ್ಲಿ ಅವಳು ಆಡಿದ ಮೊದಲ ಮಾತು ಅದು. ಹಯಾತ್ ಸಾಬ್ ಬಕೆಟ್ಟು ಕೆಳಗಿಟ್ಟ. ಅವಳನ್ನು ನೋಡಿದ, ಕೆಂಚವ್ವನ ತಲೆಯ ಮೇಲಿದ್ದ ಡೇಗ್ಚಿಯನ್ನು ನೋಡಿದ.

"ಬರ್ರಿ ಭಾಭಿ, ಕೂಡ್ರಿ," ಎಂದು ಹೆಗಲ ಮೇಲಿನ ವಸ್ತ್ರದಿಂದ ಸ್ಟೂಲು ಒರೆಸಿದ. "ಗಾಡಿಯವನಿಗೆ ನಾಳೆ ಬಾ ಅಂತೀನಿ."

ಗೋಡೆಗೆ ಜಾಫರನ ಕಬ್ಬಿಣದ ಸಲಾಕಿ ಒರಗಿತ್ತು. ಬೂದಿ ಕೆದರುವ ಉದ್ದನೆಯ ಸಲಾಕಿ. ಹಿಡಿಯ ಮೇಲೆ ಐದು ತಿಂಗಳ ಧೂಳಿತ್ತು.

"ಅದನ್ನ ಯಾರೂ ಮುಟ್ಟಿಲ್ಲ," ಎಂದ ಹಯಾತ್ ಸಾಬ್ ಮೆಲ್ಲಗೆ.

ದಿಲ್ಷಾದ್ ಬೇಗಂ ಕೈ ಚಾಚಿದಳು. "ಕೊಡ್ರಿ ಇಲ್ಲಿ. ಗೋಡೆಗೆ ಒರಗಿಸೋಕೆ ಅಲ್ಲ ಅದು ಇರೋದು."

ಎಲ್ಲಿ ಕೆದರಬೇಕು ಎಂದು ಅವಳೇ ತೋರಿಸಿದಳು. ಕೆಳಗೆ ನಾಲ್ಕು ಬೆರಳು ಬೂದಿ ಬಿಟ್ಟು ಹಯಾತ್ ಸಾಬ್ ಗುಂಡಿ ಮಾಡಿದ. ಡೇಗ್ಚಿ ಇಳಿಯಿತು. ಸುತ್ತ ಬೂದಿ ಮುಚ್ಚಿದರು. ಕೆಂಚವ್ವ ಬಾಗಿಲ ಹತ್ತಿರ ಕೂತು ಎಲೆಯಡಿಕೆ ಬಿಚ್ಚಿದಳು.

"ನಿನ್ನ ಗಂಜಿ ಸಲುವಾಗಿ ನನ್ನ ಎರಡರ ಬಸ್ ಹೋತು."

"ಐದೂವರೆಗೆ ಇನ್ನೊಂದು ಐತಲ್ಲ."

"ಐತೆ. ಅದರಾಗೆ ನಮ್ಮೂರ ಕುಡುಕರೆಲ್ಲ ಇರ್ತಾರೆ."

"ನಿನ್ನ ನೋಡಿದ್ರೆ ಅವರೇ ಇಳಿದು ನಡ್ಕೊಂಡು ಹೋಗ್ತಾರೆ, ಸುಮ್ನಿರು."

ಹಯಾತ್ ಸಾಬ್ ನಕ್ಕ. ಆ ಭಟ್ಟಿಯಲ್ಲಿ ನಗುವುದು ತಪ್ಪಲ್ಲ ಎಂದು ಅವಳಿಗೆ ಆಗ ಅನ್ನಿಸಿತು.

ಹೊರಗೆ ಎರಡು ಸಲ ತುಂತುರು ಬಂದು ಹೋಯಿತು. ಅವಳು ಸ್ಟೂಲಿನ ಮೇಲೆ ತಸ್ಬೀಹ್ ಹಿಡಿದು ಕೂತಳು. ಆದರೆ ಈ ಸಲ ಮರೆಯಲಿಲ್ಲ. ನೂರು ಮಣಿ ಮುಗಿದಾಗಲೆಲ್ಲ ಎದ್ದು, ಸಲಾಕಿಯ ತುದಿಯನ್ನು ಮುಚ್ಚಳಕ್ಕೆ ತಾಗಿಸಿ ಹಿಡಿಯನ್ನು ಕಿವಿಗೆ ಹಿಡಿದಳು. ಮೂರು ಗಂಟೆಗೆ ಸಣ್ಣಗೆ ಗೊಣಗಿತು. ನಾಲ್ಕಕ್ಕೂ ಗೊಣಗುತ್ತಿತ್ತು. ನಾಲ್ಕೂಮುಕ್ಕಾಲಿಗೆ ಹಿತ್ತಲಲ್ಲಿ ಅಸರ್ ನಮಾಜು ಮುಗಿಸಿ ಬಂದು ಕಿವಿಯಿಟ್ಟರೆ ಸದ್ದು ನಿಲ್ಲುತ್ತಾ ಬಂದಿತ್ತು.

"ಹೊಟ್ಟು ಹಸಿ ಇತ್ತು ಭಾಭಿ," ಎಂದ ಹಯಾತ್ ಸಾಬ್. "ಮಳೆಗಾಲ. ಬೂದಿ ಮೊದಲಿನಂಗೆ ಕಾವು ಹಿಡಿಯಲ್ಲ. ಒಂದಿಷ್ಟು ಹೊಸ ಹೊಟ್ಟು ಹಾಕಿ ಉರಿ ಎಬ್ಬಿಸ್ಲಾ?"

"ಬ್ಯಾಡ. ಉರಿ ಎದ್ರೆ ತಳ ಹತ್ತುತೈತೆ."

ಗಂಡ ಇದ್ದಿದ್ದರೆ ಏನು ಮಾಡುತ್ತಿದ್ದ ಎಂದು ಯೋಚಿಸಿದಳು. ನೆನಪಿಗೆ ಬರಲಿಲ್ಲ. ಅವನ ಕಾಲದಲ್ಲಿ ಬೂದಿ ಸೋತದ್ದೇ ಇಲ್ಲ. ಅವಳ ಕಣ್ಣು ಒಲೆಯ ಮೇಲಿನ ದೊಡ್ಡ ಬಾಣಲೆಗೆ ಹೋಯಿತು. ಮಂಡಕ್ಕಿ ಹುರಿಯುವ ಮರಳು ಅದರಲ್ಲೇ ಇತ್ತು, ಮೇಲೆ ಗೋಣಿಚೀಲ ಹೊದಿಸಿದ್ದರು. ಚೀಲ ಸರಿಸಿ ಅಂಗೈಯನ್ನು ಮರಳಿನ ಮೇಲೆ ಗೇಣು ಎತ್ತರದಲ್ಲಿ ಹಿಡಿದಳು. ಹಿಂದಕ್ಕೆ ತೆಗೆದಳು.

"ಈ ಮರಳು ಮುಚ್ಚಳದ ಮ್ಯಾಲೆ ಹಾಕ್ರಿ. ಸುತ್ತಾನೂ ತುಂಬ್ರಿ."

"ಜಾಫರ್ ಭಾಯ್ ಹಂಗೆ ಯಾವತ್ತೂ ಮಾಡಿದ್ದಿಲ್ಲ."

"ಅವರಿಗೆ ಈ ಗತಿ ಬಂದಿದ್ದಿಲ್ಲ. ನನಗೆ ಬಂದೈತೆ. ಹಾಕ್ರಿ."

ಹಯಾತ್ ಸಾಬ್ ಕಬ್ಬಿಣದ ಬುಟ್ಟಿಯಲ್ಲಿ ಮರಳು ತುಂಬಿ ಮೂರು ಸಲ ಸುರಿದ. ಕಾಲು ಗಂಟೆ ಏನೂ ಕೇಳಲಿಲ್ಲ. ಆಮೇಲೆ ಸಲಾಕಿಯ ಹಿಡಿಯಲ್ಲಿ ಮೊದಲು ಒಂದು ನಡುಕ, ಅದರ ಹಿಂದೆಯೇ ಸದ್ದು ಬಂತು. ಮುದುಕನೊಬ್ಬ ತನ್ನಷ್ಟಕ್ಕೆ ಮಾತಾಡಿಕೊಂಡ ಹಾಗೆ, ನಿಧಾನವಾಗಿ, ಬಿಡದೆ. ಅವಳು ಸಲಾಕಿಯನ್ನು ಕೆಂಚವ್ವನ ಕಿವಿಗೂ ಹಿಡಿದಳು.

"ಶಿವನೇ," ಎಂದಳು ಕೆಂಚವ್ವ. "ಬೈತೈತೆ ಅದು."

"ಬೈಲಿ. ಬೈದಷ್ಟೂ ಬೇಯ್ತೈತೆ."

ಮಗ್ರಿಬ್ ಆಜಾನಿಗೆ ಮೊದಲು ಡೇಗ್ಚಿಯನ್ನು ಎತ್ತಿದರು. ಹಯಾತ್ ಸಾಬ್ ಒಂದು ಹಿಡಿ ಮಂಡಕ್ಕಿ ನುಚ್ಚನ್ನು ಕಾಗದದಲ್ಲಿ ಕಟ್ಟಿ ಕೈಗಿಟ್ಟ. ಜರಡಿಯಲ್ಲಿ ಉಳಿದ ನುಚ್ಚು. ಗಂಜಿ ಗಟ್ಟಿಮಾಡಲು ಜಾಫರ್ ಪ್ರತಿ ಗುರುವಾರ ಅದನ್ನೇ ತರುತ್ತಿದ್ದ. ಕೇಳದೆಯೇ ಕೊಟ್ಟಿದ್ದಕ್ಕೆ ಅವಳು ತಲೆ ಬಗ್ಗಿಸಿದಳು. ಡೇಗ್ಚಿಯನ್ನು ಹಯಾತ್ ಸಾಬನೇ ಮೊಪೆಡ್ಡಿನಲ್ಲಿ ತಂದು ಮನೆಯೊಳಗೆ ಇಟ್ಟು ಹೋದ. ಕೆಂಚವ್ವ ಐದೂವರೆಯ ಬಸ್ಸನ್ನೂ ಬಿಟ್ಟಿದ್ದಳು. "ಎಂಟರದು ಐತೆ," ಎಂದಳು. "ಉಂಡೇ ಹೋಗ್ತೀನಿ. ಸಾಕ್ಷಿ ಬೇರೆ ಹೇಳ್ಬೇಕಲ್ಲ."

ಅವತ್ತು ಅಮ್ಜದ್ ಏಳಕ್ಕೇ ಬಂದ. ಹರಿಹರದಲ್ಲೂ ಕರೆಂಟು ಇರಲಿಲ್ಲ, ಅಂಗಡಿಯಲ್ಲಿ ಕೆಲಸವಿರಲಿಲ್ಲ. ಬಂದವನೇ ಅಡುಗೆಮನೆಗೆ ಹೋಗಿ ಬರಿದಾದ ಕರೆಂಟಿನ ಮಡಕೆಯನ್ನೂ ಅದರ ಅಂಚಿನಲ್ಲಿ ಒಣಗಿ ನಿಂತ ಹಿಟ್ಟನ್ನೂ ನೋಡಿದ. ಗ್ಯಾಸಿನ ಒಲೆ ಮುಟ್ಟಿ ನೋಡಿದ. ತಣ್ಣಗಿತ್ತು.

"ಐದಕ್ಕೆ ಕರೆಂಟ್ ಬಂತಲ್ಲ. ಇದರ ಸ್ವಿಚ್ಚು?"

"ಪ್ಲಗ್ಗೇ ಕಿತ್ತು ಹೋಗಿದ್ದೆ."

"ಕಿತ್ತಿದ್ದನ್ನ ನನ್ನ ಮೂಗಿಗೆ ಹಿಡಿದಿದ್ಲು," ಎಂದಳು ಕೆಂಚವ್ವ ಜಗಲಿಯಿಂದ. "ನನಗೆ ಬಸ್ಸಿಗೆ ಹೊತ್ತಾತು, ಲಗೂನ ಬಡಿಸ್ರಿ."

"ಹೋಗಿದ್ದೆಲ್ಲಿಗೆ?" ಎಂದ ಅಮ್ಜದ್. ಆದರೆ ಅಷ್ಟರಲ್ಲಿ ಅವನ ಕಣ್ಣು ಡೇಗ್ಚಿಯ ಮೇಲೆ ಬಿದ್ದಿತ್ತು. ತಾಮ್ರದ ಮೈಗೆ ಬೂದಿ ಅಂಟಿತ್ತು. ಬೆರಳಿನಿಂದ ಒರೆಸಿ ನೋಡಿದ, ಭಟ್ಟಿಯ ಬೂದಿಯೇ.

ಕೆಂಚವ್ವನಿಗಾಗಿ ಆಗಲೇ ಮುಚ್ಚಳ ತೆಗೆಯಬೇಕಾಯಿತು. ಅಷ್ಟರಲ್ಲಿ ನುಜತ್ ಕೂಡ ಏದುಸಿರು ಬಿಡುತ್ತಾ ಬಂದಳು, ಕಾರ್ಖಾನೆಯ ಗಾಡಿ ಸಿಕ್ಕಿತಂತೆ. ಆಲಿಯಾ ದಸ್ತರ್‌ಖಾನ್ ಹಾಸಿದಳು. ಹಿಟ್ಟು ಒಡೆಯುವುದು ಯಾವಾಗಲೂ ಜಾಫರನ ಕೆಲಸವಾಗಿತ್ತು. ಅಮ್ಜದ್ ಕೈ ಮುಂದೆ ಮಾಡಿ, ಹಿಂದಕ್ಕೆ ತೆಗೆದುಕೊಂಡ. ದಿಲ್ಷಾದ್ ಬೇಗಂ ಸೌಟಿನ ಹಿಂಬದಿಯಿಂದ ಮೂರು ಸಲ ತಟ್ಟಿದಳು. ಸುಟ್ಟ ಹಿಟ್ಟು ಬಳೆಯ ಹಾಗೆ ಒಡೆದು ಬಿತ್ತು. ಹಬೆ ಎದ್ದಿತು. ದಿಂಡುಗಳನ್ನು ಹೊರಗೆ ತೆಗೆದು, ಹಾಲು ಸುರಿದು, ನುಚ್ಚು ಉದುರಿಸಿ ಕದಡಿದಳು. ನೋಡುತ್ತಿದ್ದಂತೆಯೇ ಗಟ್ಟಿಯಾಯಿತು. ಕಡಲೆ ಬೆರಳಿಗೆ ಸಿಕ್ಕರೆ ಬೆಣ್ಣೆ. ಫಾತಿಹಾ ಓದಿ, ದುವಾ ಮಾಡಿ, ಬಟ್ಟಲುಗಳಿಗೆ ಬಡಿಸಿದಳು.

ಅಮ್ಜದ್ ಮೊದಲ ಚಮಚ ಬಾಯಿಗಿಟ್ಟು ಬಟ್ಟಲನ್ನೇ ನೋಡಿದ. ಆಮೇಲೆ, "ಅಬ್ಬಾ ಇದ್ದಿದ್ರೆ ಮ್ಯಾಲೆ ಇನ್ನಷ್ಟು ಉಪ್ಪು ಉದುರಿಸ್ತಿದ್ರು," ಎಂದ.

"ಅವರಿಗೆ ಬಿ.ಪಿ. ಬಂದಿದ್ದೇ ಅದಕ್ಕೆ," ಎಂದಳು ಅವಳು.

ನುಜತ್ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅಮ್ಜದನೂ ನಕ್ಕ. ಕಣ್ಣು ಒರೆಸಿಕೊಂಡ. ಬಟ್ಟಲು ಮುಂದೆ ಹಿಡಿದ, ಇನ್ನೊಂದು ಸೌಟು ಹಾಕಿಸಿಕೊಂಡ.

"ಅಲ್ಲಮ್ಮೀ, ದಿನಾ ಡೇಗ್ಚಿ ಹೊತ್ಕೊಂಡು ಭಟ್ಟಿಗೆ ಹೋಗೋಕಾಗ್ತೈತಾ?"

"ದಿನಾ ಯಾಕ ಹೋಗ್ತೀನಿ? ಕರೆಂಟ್ ಇದ್ದ ದಿನ ಆ ಮಡಕೆ, ಇಲ್ಲದ ದಿನ ಈ ಡೇಗ್ಚಿ. ಹಿಟ್ಟು ಮೆತ್ತೋದು ಮಾತ್ರ ಎರಡಕ್ಕೂ. ಯಾರೂ ಮುಚ್ಚಳ ತೆಗೀಬಾರದು, ಅಷ್ಟೇ." ಅವಳು ಆಲಿಯಾಳ ಕಡೆ ನೋಡಿದಳು. ಆಲಿಯಾ ಬಟ್ಟಲಿನೊಳಗೆ ಮುಖ ಹಾಕಿದಳು.

ಅಮ್ಜದ್ ಹೆಂಡತಿಯ ಕಡೆ ತಿರುಗಿದ. "ನಾಳೆ ಏನಂತ ಹೇಳ್ತೀಯ?"

"ನೀವು ಹೇಳ್ರಿ."

"ನನ್ನ ಕೇಳ್ತೀಯಾ? ಊಟ ಮಾಡಿದ್ದು ಅಮ್ಮೀ. ಅವರನ್ನ ಕೇಳು."

ನುಜತ್ ಅತ್ತೆಯನ್ನು ನೋಡಿದಳು. ದಿಲ್ಷಾದ್ ಬೇಗಂ ಕೆಂಚವ್ವನ ಡಬ್ಬಿಗೆ ಗಂಜಿ ತುಂಬಿಸಿ ಮುಚ್ಚಳ ಒತ್ತುತ್ತಿದ್ದಳು. ಹಯಾತ್ ಸಾಬನಿಗೆ ಇನ್ನೊಂದು ಡಬ್ಬಿ ಪಕ್ಕದಲ್ಲಿತ್ತು.

"ಎಷ್ಟು ಮಿಷನ್ನು ಅಂದಿ?"

"ಇಪ್ಪತ್ತು."

"ಇಪ್ಪತ್ತು ಹೆಂಗಸ್ರನ್ನ ಸಂಭಾಳಿಸೋಳು ಇಲ್ಲಿ ಒಂದು ಗಂಜಿ ಪಾತ್ರೆಗೆ ಕಟ್ಟಿ ಹಾಕ್ಕೊಂಡು ಕೂತ್ಕೋಬೇಕಾ? ಹೂಂ ಅಂತ ಹೇಳಿ ಬಾ. ಬರ್ತಾ ಕರೂರಿನಾಗೆ ಗೋಧಿಹಿಟ್ಟು ಸಿಕ್ರೆ ಎರಡು ಕೇಜಿ ತಗೊಂಬಾ, ಎಲ್ಲಾ ಖಾಲಿ ಆಗೈತೆ."

ಕೆಂಚವ್ವ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸಿಗೆ ಓಡಿದಳು. ಹಯಾತ್ ಸಾಬನ ಡಬ್ಬಿಯನ್ನು ಅಮ್ಜದ್ ಒಯ್ದ. ದಿಲ್ಷಾದ್ ಬೇಗಂ ಕರೆಂಟಿನ ಮಡಕೆಯನ್ನು ಮುಂದೆ ಎಳೆದುಕೊಂಡು, ಗಾಜಿನ ಮುಚ್ಚಳದ ಅಂಚಿಗೆ ಅಂಟಿದ್ದ ಹಿಟ್ಟನ್ನು ಉಗುರಿನಿಂದ ಕಿತ್ತು ತೆಗೆದಳು. ತೊಳೆದು ಬೋರಲು ಹಾಕಿದಳು. ಆಮೇಲೆ ನಾಳೆಗೆಂದು ಎರಡು ಹಿಡಿ ಹೆಸರುಕಾಳನ್ನು ನೀರಿಗೆ ಹಾಕಿ, ರಾತ್ರಿಯ ಇಶಾ ನಮಾಜಿಗೆ ಕೈಕಾಲು ತೊಳೆದು ವುಜೂ ಮಾಡಲು ಎದ್ದಳು.